ಹೋಗ್ತೀನೋ ಹೋಗ್ಬರ್ತೀನೋ

1

ಸತ್ತವರಿಂದ ಶುರು ಮಾಡೋದೋ, ಕಾಫಿಯಿಂದ ಶುರು ಮಾಡೋದೋ? ಸತ್ತವರು ಅಂದ ತಕ್ಷಣ ನೀವು ಪುಟ ತಿರುಗಿಸಿಬಿಡ್ತೀರಿ. ಕಾಫಿ ಅಂದರೆ, ಬೆಂಗಳೂರಿನ ಕಥೆ ಅಲ್ವಾ, ಬಂತು ನೋಡು ಕಾಫಿ ಅಂತೀರಿ. ಸರಿ, ಕಿವಿಯಿಂದ ಶುರು ಮಾಡ್ತೀನಿ.

ಮಲ್ಲೇಶ್ವರದ ಶೀನಣ್ಣನ ಕಿವಿಗೆ ಒಂದು ಮಿಷನ್ ಇದೆ. ಅದು ಆಗಾಗ ಸೀಟಿ ಹೊಡೆಯುತ್ತೆ. ಅಯ್ಯಂಗಾರರು, ಆಡಿಟ್ ಆಫೀಸಿನಿಂದ ರಿಟೈರ್ ಆದವರು, ವೋಚರ್ ಇಲ್ಲದೆ ದೇವರನ್ನೂ ಪಾಸ್ ಮಾಡದವರು. (ಜೋಕು ಹಳೇದು. ಇರಲಿ ಬಿಡಿ.) ಹೆಂಡತಿ ಗೋದಾ ತೀರಿಕೊಂಡು ಇನ್ನೂ ವರ್ಷಾಬ್ದಿಕ ಆಗಿಲ್ಲ. ಇದು 1999ರ ಡಿಸೆಂಬರು. ಇಸವಿ ಎರಡು ಸಾವಿರಕ್ಕೆ ಪ್ರಪಂಚ ಮುಳುಗುತ್ತಂತೆ ಅಂತ ಸಂಪಿಗೆ ರಸ್ತೆಯ ಹೂವಿನವರೂ ಮಾತಾಡಿಕೊಳ್ಳುತ್ತಿದ್ದಾರೆ, ಹೂವಿನ ರೇಟು ಮಾತ್ರ ಇಳಿಸಿಲ್ಲ.

2

ಶನಿವಾರ ಬಂತೂಂದ್ರೆ ಶೀನಣ್ಣ ಬಸ್ಸು ಹತ್ತಿ ಚಾಮರಾಜಪೇಟೆಯ ಯೇಸುಮಿತ್ರ ಮೇಷ್ಟ್ರ ಮನೆಗೆ ಹೋಗ್ತಾರೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಹೇಳಿಕೊಟ್ಟವರು, ಭಾನುವಾರ ಚರ್ಚು ತಪ್ಪಿಸದವರು. ಮೇಷ್ಟ್ರ ಹೆಂಡತಿ ಸುಗುಣಮ್ಮ, ಗೋದಾ ಇಬ್ಬರೂ ಒಂದೇ ಸ್ಕೂಲಿನ ಟೀಚರುಗಳು. ಹೆಂಡತಿಯರಿಗಾಗಿ ಸ್ಕೂಲಿನ ಗೇಟಿನಲ್ಲಿ ಕಾದು ಕಾದೇ ಗಂಡಂದಿರು ಸ್ನೇಹಿತರಾದದ್ದು.

"ನಮ್ಮ ಪ್ರಭುವಿನ ಸಮಾಧಿ ಮೂರನೇ ದಿನ ಖಾಲಿ ಇತ್ತು ಶೀನಣ್ಣ," ಅಂತ ಮೇಷ್ಟ್ರು ಶುರು ಮಾಡಿದರು.

"ಗೋಡೌನ್ ಖಾಲಿ ಇದ್ರೆ ನಾವು ಆಡಿಟ್‌ನಲ್ಲಿ ಪುನರುತ್ಥಾನ ಅಂತ ಬರೀತಿರ್ಲಿಲ್ಲ ಮೇಷ್ಟ್ರೇ. ಕಳವು ಅಂತ ಬರೀತಿದ್ವಿ."

"ಕದ್ದೋರು ಆಮೇಲೆ ಅದಕ್ಕೋಸ್ಕರ ಪ್ರಾಣ ಕೊಡ್ತಾರಾ, ಸುಳ್ಳು ಅಂತ ಗೊತ್ತಿದ್ದೂ?"

"ತಪ್ಪು ತಿಳ್ಕೊಂಡು ಪ್ರಾಣ ಕೊಟ್ಟೋರು ಎಲ್ಲಾ ಕಡೆ ಇದಾರೆ."

"ಹೋಗ್ಲಿ. ಎದ್ದುಬಂದ ಪ್ರಭುವನ್ನ ಮೊದಲು ಕಂಡೋರು ಹೆಂಗಸರು. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಮ್ಮಿ. ಅವರು ಓಡಿ ಬಂದು ಹೇಳಿದ್ರೆ ಶಿಷ್ಯರೇ ನಂಬಲಿಲ್ಲ, ಬರೀ ಹರಟೆ ಅಂದ್ಬಿಟ್ರು. ಕಟ್ಟುಕಥೆ ಆಗಿದ್ರೆ ಯಾರಾದ್ರೂ ದೊಡ್ಡ ಗಂಡಸನ್ನ ತಂದು ನಿಲ್ಲಿಸ್ತಿರ್ಲಿಲ್ವಾ? ತಮ್ಮ ಮರ್ಯಾದೆ ತಾವೇ ಯಾಕೆ ಕಳ್ಕೊಳ್ತಾರೆ?"

ಶೀನಣ್ಣ ಮಿಷನ್ ತಿರುಗಿಸಿಕೊಂಡು ಯೋಚನೆ ಮಾಡಿದರು. "ಇದು ಪರವಾಗಿಲ್ಲ. ಆದ್ರೂ ಪಾಯಿಂಟು, ಪ್ರೂಫ್ ಅಲ್ಲ."

3

ಈ ಭಾಗ ಬರೆದು, ನಾನೇ ಹರಿದು ಹಾಕಿದೆ. ಅದರಲ್ಲಿ ಗೋದಾ ಬಿಳಿ ಸೀರೆ ಉಟ್ಟು ಅಕ್ಕಿಪೇಟೆಯ ಮೂಟೆಗಳ ನಡುವೆ ಕಾಣಿಸಿಕೊಳ್ಳುತ್ತಿದ್ದಳು. ಶೀನಣ್ಣ ನನ್ನ ಮೇಲೇ ರೇಗಿದರು. "ಅವಳು ಯಾವತ್ರೀ ಬಿಳಿ ಸೀರೆ ಉಟ್ಟಿದ್ದು? ಮುತ್ತೈದೆಯಾಗಿ ಹೋದೋಳು. ಬರೆಯೋಕ್ ಮುಂಚೆ ಒಂದ್ ಮಾತು ಕೇಳೋದಲ್ವಾ?"

4

ಹೇಗೂ ಶೀನಣ್ಣ ಮಾತಿಗೆ ಸಿಕ್ಕಿದ್ದಾರೆ ಅಂತ ನಾನೂ ಒಂದು ಪ್ರಶ್ನೆ ಕೇಳಿದೆ. ಅಲ್ಲ ಸ್ವಾಮಿ, ನಿಮಗೆ ನಿಮ್ಮ ವೈಕುಂಠ ಇದೆಯಲ್ಲ, ಮೇಷ್ಟ್ರ ಪುನರುತ್ಥಾನ ಯಾಕೆ?

"ವೈಕುಂಠದಲ್ಲಿ ಎಲ್ಲರೂ ಪೆರುಮಾಳ್ ಕಡೆ ಮುಖ ಮಾಡಿರ್ತಾರೆ, ನನ್ನ ಕಡೆ ಯಾರು ತಿರುಗ್ತಾರೆ? ಇನ್ನೊಂದು ಜನ್ಮ ಅಂದ್ರೆ ಅವಳಿಗೆ ನಾನ್ಯಾರೋ. ಅದೇ ಮುಖ, ಅದೇ ಹೆಸರು, ನೋಡಿದ ತಕ್ಷಣ ಗುರುತು ಸಿಗುತ್ತೆ ಅನ್ನೋರು ಮೇಷ್ಟ್ರು ಒಬ್ರೇ. ಅವಳು ನನ್ನ ಗುರುತು ಹಿಡೀಬೇಕ್ರೀ. ಅಷ್ಟೇ ನನಗೆ ಬೇಕಾಗಿರೋದು."

ಮತ್ತೆ ಪಾಯಿಂಟಿಗೆ ಪಾಯಿಂಟು ಹಾಕಿ ಮೇಷ್ಟ್ರನ್ನ ಸೋಲಿಸ್ತೀರಲ್ಲ?

"ಗಟ್ಟಿಯಾಗಿದ್ರೆ ನಿಂತ್ಕೊಳ್ಳುತ್ತೆ ಅಂತ ತಳ್ಳಿ ನೋಡ್ತಿದೀನಿ."

ತಳ್ಳೋದಕ್ಕೆ ಇನ್ನೊಂದು ಕಾರಣ ಇದೆ, ಅದನ್ನ ಅವರು ಯಾರಿಗೂ ಹೇಳಿಲ್ಲ. ನಿಮಗೂ ಗೊತ್ತು, ನಮ್ಮಲ್ಲಿ ಹೊರಡುವಾಗ 'ಹೋಗ್ತೀನಿ' ಅನ್ನಬಾರದು. 'ಹೋಗ್ಬರ್ತೀನಿ' ಅನ್ನಬೇಕು. ಇದರಲ್ಲಿ ಗೋದಾ ಬಲು ಸ್ಟ್ರಿಕ್ಟು. ಗ್ಯಾಸ್ ಸಿಲಿಂಡರ್ ತಂದವನು 'ಹೋಗ್ತೀನಮ್ಮ' ಅಂದರೆ ಗೇಟಿನಿಂದ ವಾಪಸ್ ಕರೆದು, 'ಬರ್ತೀನಿ ಅನ್ನಪ್ಪ' ಅಂತ ಅವನ ಬಾಯಲ್ಲಿ ಹೇಳಿಸಿಯೇ ಕಳಿಸೋಳು. ಅಂಥವಳು ಆಸ್ಪತ್ರೆಯ ಮಂಚದ ಮೇಲೆ ಕೊನೇ ಸಲ ಬಾಯಿ ಬಿಟ್ಟು ಅಂದದ್ದು: 'ಹೋಗ್ತೀನಿ.'

5

ಈ ಶನಿವಾರ ಅದು ಬಾಯಿಂದ ಬಂದೇಬಿಟ್ಟಿತು.

"ಅವಳಿಗೆ ಏನೋ ಗೊತ್ತಾಗಿತ್ತು ಮೇಷ್ಟ್ರೇ. ಮುಂದೆ ಏನೂ ಇಲ್ಲ ಅಂತ ಕಂಡಿರ್ಬೇಕು. ಇಲ್ದಿದ್ರೆ ಕೊನೇಲಿ ಅವಳ ಬಾಯಲ್ಲಿ 'ಹೋಗ್ತೀನಿ' ಅನ್ನೋ ಮಾತು ಬರ್ತಿತ್ತಾ?"

ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಸುಗುಣಮ್ಮ ತಲೆ ಎತ್ತಿದರು. "ಗೋದಕ್ಕ ಹಾಗನ್ಲಿಲ್ಲ. 'ಹೋಗ್ಬರ್ತೀನಿ' ಅಂದ್ರು. ನಾನು ಮಂಚದ ಆ ಕಡೆ ಇದ್ದೆ."

"ನನ್ನ ಕಿವಿಯಾರೆ ಕೇಳಿದೀನಿ ಸುಗುಣಮ್ಮ."

"ಯಾವ ಕಿವಿ? ಮಿಷನ್ ತೆಗೆದು ಜೇಬಲ್ಲಿ ಇಟ್ಕೊಂಡಿದ್ರಿ. ಸೀಟಿ ಹೊಡೆಯುತ್ತೆ, ಅವಳಿಗೆ ನಿದ್ದೆ ಕೆಡುತ್ತೆ ಅಂತ."

ಶೀನಣ್ಣನ ಕೈ ಜೇಬಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. "ನಿಮಗೆ ಅವಳ ಮೇಲೆ ಪ್ರೀತಿ, ಅದಕ್ಕೇ ಹಾಗ್ ಕೇಳಿಸಿದೆ. ನನ್ನ ಸಮಾಧಾನಕ್ಕೆ ಹೇಳ್ತಿದೀರ. ಹೆಂಗಸರು ಅಂದ್ಮೇಲೆ…"

"ಹರಟೆ ಅಂದ್ಬಿಡಿ," ಅಂದರು ಮೇಷ್ಟ್ರು ಮೆಲ್ಲಗೆ. "ಆ ಶಿಷ್ಯರು ಅಂದ್ರಲ್ಲ, ಹಾಗೇ."

ಸುಗುಣಮ್ಮ ಮತ್ತೆ ಅವರೆಕಾಯಿ ಸುಲಿಯೋಕೆ ಶುರು ಮಾಡಿದರು.

6

ಇಲ್ಲಿ ನನ್ನ ಕೈ ಕಡಿಯಿತು. ನಾನೇ ಬರೆದ ಆಸ್ಪತ್ರೆ, ನಾನೇ ಬರೆದ ಬಾಯಿ. ನಡುವೆ 'ಬರ್' ಅಂತ ಒಂದು ಸೇರಿಸಿಬಿಡಲಾ ಅಂತ ಕೇಳಿದೆ.

"ಬೇಡ," ಅಂದರು ಶೀನಣ್ಣ. "ನೀವು ಸೇರಿಸಿದ್ರೆ ಅದು ಸಾಕ್ಷಿ ಅಲ್ಲ, ಉಪಕಾರ."

ಹಾಗಾದರೆ ನೀವು ಮೇಷ್ಟ್ರ ಜೊತೆ ಚರ್ಚಿಗೆ ಹೋಗೋ ಹಾಗೆ ಮುಗಿಸಲಾ? ("ಪಾಯಿಂಟು ಅಂದೆ, ಪ್ರೂಫ್ ಅನ್ಲಿಲ್ಲ.") ಮೇಷ್ಟ್ರೇ ಸೋತು ಕೈಚೆಲ್ಲಿದರೆ? (ಸುಗುಣಮ್ಮ ಅವರೆ ಸಿಪ್ಪೆ ನನ್ನ ಹಾಳೆಯ ಮೇಲೇ ಸುರಿದರು.) ನನ್ನ ಸ್ಟಾಕು ಅಷ್ಟೇ.

7

ಸಾಯಂಕಾಲ ಗೇಟಿನ ಹತ್ತಿರ ಶೀನಣ್ಣ ಬೇಕಂತಲೇ ಆ ಕಡೆ ತಿರುಗಿ ಏನೋ ಗೊಣಗಿದರು. ಆಮೇಲೆ ಈ ಕಡೆ ತಿರುಗಿ ಕೇಳಿದರು, "ಈಗ ನಾನು ಏನಂದೆ?"

"ಹೋಗ್ತೀನಿ ಅಂದ್ರಿ," ಅಂದರು ಮೇಷ್ಟ್ರು.

"ಹೋಗ್ಬರ್ತೀನಿ ಅಂದ್ರು ಕಣ್ರೀ," ಅಂದರು ಸುಗುಣಮ್ಮ.

(ನನಗೆ ಆಟೋ ಹಾರ್ನಿನಲ್ಲಿ 'ಹೋಗ್' ಅಷ್ಟೇ ಕೇಳಿಸಿತು. ಸಾರಿ.)

"ನೋಡಿ, ಇಬ್ಬರಿಗೂ ಕಿವಿ ಚೆನ್ನಾಗಿದೆ, ಇಬ್ಬರೂ ಸುಳ್ಳು ಹೇಳೋರಲ್ಲ. ಏನಂದೆ ಅನ್ನೋದು ಅಂದೋನಿಗೇ ಗೊತ್ತು, ಅವನನ್ನೇ ಕೇಳ್ಬೇಕು."

"ಮತ್ತೆ ಗೋದಕ್ಕ ಅಂದದ್ದು?" ಅಂತ ಸುಗುಣಮ್ಮ ಕೇಳಿದರು.

"ಸಿಕ್ಕಾಗ ಕೇಳ್ತೀನಿ," ಅಂತ ಶೀನಣ್ಣ ಬಸ್ ಸ್ಟಾಪಿನ ಕಡೆ ನಡೆದೇಬಿಟ್ಟರು.

ಮೇಷ್ಟ್ರ ಬಾಯಿ ತೆರೆಯಿತು. ಜೀವನಪೂರ್ತಿ 'ಸಿಕ್ಕರೆ' ಬೇರೆ, 'ಸಿಕ್ಕಾಗ' ಬೇರೆ ಅಂತ ಮಕ್ಕಳಿಗೆ ತಿದ್ದಿದ ಬಾಯಿ ಅದು. ಸುಗುಣಮ್ಮ ಅವರ ತೋಳು ಚಿವುಟಿದರು. ನಾನೂ ಪೆನ್ನು ತೆಗೆದವನು ಹಾಗೇ ಮುಚ್ಚಿಟ್ಟೆ.

ನನಗೂ ಹೊತ್ತಾಯಿತು. ಇಲ್ಲಿಗೆ ಮುಗಿಯಿತು ಅಂತ ಬರೆದು ಹೊರಡಬಹುದಿತ್ತು. ಆದರೆ ಗೋದಾ ಗೇಟಿನಿಂದ ವಾಪಸ್ ಕರೀತಾಳೆ.