ಹಸಿ ಮಣ್ಣಿನ ಬಸವನಹುಳು

ದರ್ಜಿ ತಾತ ಒದ್ದೆ ಬಟ್ಟೆಯನ್ನು ಹಿಂಡಿ, ಶಾಲೆಯ ಚಿತ್ರಕಲೆ ಕೋಣೆಯಲ್ಲಿ ಮೇಜಿನ ಮೇಲಿದ್ದ ಮಣ್ಣಿನ ಬಸವನಹುಳುವಿಗೆ ಹೊದಿಸಲು ಹೊರಟಿದ್ದಾಗ, ಚಿತ್ರಕಲೆಯ ಮೇಷ್ಟ್ರು ಬಾಗಿಲಲ್ಲಿ ನಿಂತು ಕೆಮ್ಮಿದರು.

"ಇವತ್ತು ಬೇಡ ತಾತ. ನಾಳಿದ್ದು ಎಲ್ಲವನ್ನೂ ತೋಟದಲ್ಲಿ ಪ್ರದರ್ಶನಕ್ಕಿಡ್ಬೇಕು. ಹಸಿ ಮಣ್ಣನ್ನ ಎತ್ತಿದ್ರೆ ಕೈಯಲ್ಲೇ ಕುಸಿದುಹೋಗತ್ತೆ."

"ಇನ್ನೂ ಕೊಂಬು ಇಟ್ಟಿಲ್ವಲ್ಲ ಮೇಷ್ಟ್ರೇ."

ಕೊಂಬು ಇಡಬೇಕಾದ ಮೊಮ್ಮಗಳು ತೀರಿಕೊಂಡು ತಿಂಗಳಾಗುತ್ತ ಬಂದಿತ್ತು. ಜ್ವರದಲ್ಲಿ ಮಲಗಿದ್ದಾಗಲೂ ಅವಳಿಗೆ ಇದೇ ಚಿಂತೆ. "ತಾತ, ಬಟ್ಟೆ ಒಣಗದ ಹಾಗೆ ನೋಡ್ಕೋ. ಮಣ್ಣು ಒಣಗಿದ್ರೆ ಕೊಂಬು ಅಂಟಲ್ಲ." ತಾತ ಆಗಲಿ ಅಂದಿದ್ದರು. ಅವಳನ್ನು ಮಣ್ಣು ಮಾಡಿ ಬಂದ ಮರುದಿನವೂ ಶಾಲೆಗೆ ಬಂದು ಬಟ್ಟೆ ನೆನೆಸಿ ಹೋಗಿದ್ದರು. ದೇವರು ಕೊಟ್ಟಿದ್ದ, ದೇವರೇ ಕರೆದುಕೊಂಡ ಎಂದು, ಸಮಾಧಾನ ಹೇಳಲು ಬಂದವರಿಗೆ ತಾವೇ ಸಮಾಧಾನ ಹೇಳಿದ್ದರು. ಬಟ್ಟೆ ಒಣಗದಂತೆ ನೋಡಿಕೊಳ್ಳುವ ಈ ಮಾತನ್ನು ಮಾತ್ರ ದೇವರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಕೊಂಬು ನಾನಿಡ್ಲಾ?" ಅಂದ, ಪಕ್ಕದ ಮೇಜಿನಲ್ಲಿ ಬೀಜಗಳನ್ನು ಅಂಟಿಸಿ ಗೂಬೆ ಮಾಡುತ್ತಿದ್ದ ಹುಡುಗ.

"ಹೋಗೋ, ಮೊದಲು ನಿನ್ನ ಗೂಬೆಗೆ ಕಣ್ಣಿಡು," ಎಂದಳು ಮೊಮ್ಮಗಳ ಪಕ್ಕದಲ್ಲಿ ಕೂರುತ್ತಿದ್ದ ಮೋಟುಜಡೆಯ ಹುಡುಗಿ. ಆಮೇಲೆ ತಾತನ ಕಡೆ ತಿರುಗಿದಳು: "ಇದಕ್ಕೆ ಕೊಂಬು ಬೇಡ ತಾತ. ನೀವು ಬಸವನಹುಳು ನೋಡೇ ಇಲ್ವಾ? ಯಾರಾದ್ರೂ ಹತ್ತಿರ ಬಂದ್ರೆ ಕೊಂಬನ್ನ ಒಳಗೆ ಎಳ್ಕೊಂಡ್ಬಿಡತ್ತೆ. ನೀವು ದಿನಾ ಬಂದು ನೀರು ಹಾಕ್ತಿದ್ರೆ ಅದು ಪಾಪ ಹ್ಯಾಗೆ ಹೊರಗೆ ತೆಗೆಯತ್ತೆ?"

"ಬಾಯಿ ಮುಚ್ಚೇ," ಮೇಷ್ಟ್ರು ಗದರಿದರು.

ತಾತ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಹುಳುವಿನ ಬೋಳು ತಲೆಯ ಮೇಲೆ, ಕೊಂಬು ಬರಬೇಕಾದಲ್ಲಿ, ಪುಟ್ಟ ಬೆರಳ ತುದಿಯಿಂದ ಒತ್ತಿದ ಎರಡು ಗುಳಿಗಳಿದ್ದವು. ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಹೌದಲ್ವಾ ಮಗೂ," ಅಂದರು. "ನನಗೆ ಹೊಳೀಲೇ ಇಲ್ಲ ನೋಡು."

ಒದ್ದೆ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ ಜೇಬಿಗಿಟ್ಟುಕೊಂಡರು. ಅಂಗಿಯ ಎದೆ ನೆನೆಯಿತು. ಮನೆಗೆ ಹೋಗಲಿಲ್ಲ. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮಂಡಿ ಮಡಚಿ ಕೂತರು. ಮಕ್ಕಳು ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಬಹಳ ಹೊತ್ತಿನ ಮೇಲೆ ಚಿಪ್ಪಿನ ಅಂಚಿನ ಹಸಿ ಕಪ್ಪು ಒಣಗುತ್ತ ಒಂದು ಎಳೆಯಷ್ಟು ಬಿಳಿಚಿಕೊಂಡಿತು. ಕಿಟಕಿಯಿಂದ ಹುಳುವಿನ ಮೇಲೆ ಬೀಳಬೇಕಾದ ಬಿಸಿಲಿಗೆ ತಮ್ಮ ನೆರಳು ಅಡ್ಡ ಬಿದ್ದಿರುವುದು ಆಗ ತಾತನ ಕಣ್ಣಿಗೆ ಬಿತ್ತು. ಅವರು ಬೆಂಚನ್ನು ಸದ್ದಾಗದಂತೆ ಎತ್ತಿ ಪಕ್ಕಕ್ಕೆ ಇಟ್ಟುಕೊಂಡು ಕೂತರು.