ಮೀರಾಸಾಬರ ಗಿರಣಿಯ ಮರಿ

ಈಗ ಹೇಳುವುದು ಖರೇ ನಡೆದದ್ದು. ಸುಳ್ಳು ಅನ್ನುವವರು ಸುರೇಬಾನಕ್ಕೆ ಬಂದು ನಮ್ಮ ಯಶೋಧಾ ಕಾಕುವನ್ನು ಕೇಳಬಹುದು. ಬೈಸಿಕೊಳ್ಳುವ ತಯಾರಿ ಮಾತ್ರ ಮಾಡಿಕೊಂಡೇ ಬರಬೇಕು.

ಆ ದಿನ ನನಗೆ ಬೆಳಿಗ್ಗೆಯಿಂದಲೇ ಸಿಟ್ಟು. ಸಿಟ್ಟು ವಿರೂಪಾಕ್ಷ ಕಾಕಾನ ಮೇಲೆ. ನಮ್ಮಪ್ಪನ ತಮ್ಮ, ಪಕ್ಕದ ಮನೆ, ಕಬ್ಬಿನ ಲಾರಿಯ ಡ್ರೈವರ್. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ರಾತ್ರಿಯೆಲ್ಲ ಫ್ಯಾಕ್ಟರಿಯ ಮುಂದೆ ಪಾಳಿಯಲ್ಲಿ ಲಾರಿ ನಿಲ್ಲಿಸಿಕೊಂಡು ಕೂರುತ್ತಾನೆ, ಹಗಲು ಮನೆಗೆ ಬಂದು ಗೊರಕೆ ಹೊಡೆಯುತ್ತಾನೆ. ಕಾಕುವಿನ ಪಾಲಿಗೆ ಗಂಡ ಅಂದರೆ ಆಗ ಒಂದು ಗೊರಕೆ, ಒಂದು ಖಾಲಿ ತಾಟು, ಒಂದು ಜೊತೆ ಕೆಸರು ಮೆತ್ತಿದ ಚಪ್ಪಲಿ. ಮಗಳು ದುರ್ಗಾ ಮದುವೆಯಾಗಿ ಬೈಲಹೊಂಗಲಕ್ಕೆ ಹೋದ ಮೇಲೆ ಆ ಮನೆಯಲ್ಲಿ ಮಾತು ಎಂಬುದೇ ಇರಲಿಲ್ಲ.

ಅದಕ್ಕೇ ಕಾಕು ಹಿಂದಿನ ದಿನ ಸಾಲಹಳ್ಳಿಯ ಮೀರಾಸಾಬರ ಹಿಟ್ಟಿನ ಗಿರಣಿಯಿಂದ ಒಂದು ನಾಯಿಮರಿ ತಂದಳು. ದಾರಿ ನೆನಪಿಟ್ಟುಕೊಂಡು ವಾಪಸು ಓಡಬಾರದೆಂದು ಕೈಚೀಲದಲ್ಲಿ ಮುಚ್ಚಿಕೊಂಡು ಬಂದಳು. ಬಂದ ಕೂಡಲೇ ಎತ್ತಿಕೊಂಡು ಒರಳುಕಲ್ಲಿನ ಸುತ್ತ ತಿರುಗಿಸಿ ಮೂಗಿಗೆ ಬೆಣ್ಣೆ ಸವರಿದಳು. ಹೀಗೆ ಮಾಡಿದರೆ ಮರಿ ಮನೆ ಹಿಡಿಯುತ್ತದಂತೆ. ಅದರ ಹಿಟ್ಟಿನಂಥ ಮೈಬಣ್ಣ ನೋಡಿ ನಾನು ಹಿಟ್ಟ್ಯಾ ಎಂದು ಹೆಸರಿಟ್ಟೆ. ಹೆಸರೇನೋ ಹಿಟ್, ಮನೆಯಲ್ಲಿ ಮಾತ್ರ ಫ್ಲಾಪ್.

ಬಂದ ಗಳಿಗೆಯಿಂದ ಅಳು. ಹಾಲಿಟ್ಟರೂ ಅಳು, ರೊಟ್ಟಿ ನೆನೆಸಿಟ್ಟರೂ ಅಳು. ಕಾಕು ತನ್ನ ಮೆತ್ತನೆಯ ಹಳೇ ಸೀರೆ ಹಾಸಿದಳು, ಅದರ ಮೇಲೆ ಕುಳಿತು ಇನ್ನೂ ಜೋರಾಗಿ ಅತ್ತಿತು. "ಹೊಸಾದು, ಅಂಜೇತಿ, ಸಪ್ಪಳ ಮಾಡಬ್ಯಾಡ್ರಿ" ಎಂದು ಓಣಿಯೆಲ್ಲ ಬುದ್ಧಿ ಹೇಳಿತು. ಕಾಕು ಟಿವಿ ಬಂದ್ ಮಾಡಿದಳು, ಎಮ್ಮೆಯ ಕೊರಳ ಗಂಟೆ ಬಿಚ್ಚಿಟ್ಟಳು, ಕಾಯಿಪಲ್ಲೆ ಮಾರುವ ತಂಗೆವ್ವನಿಗೆ ಬಾಗಿಲ ಮುಂದೆ ಕೂಗಬೇಡ ಎಂದಳು.

ತಂಗೆವ್ವ ಬುಟ್ಟಿಯನ್ನು ಧಪ್ಪೆಂದು ಇಳಿಸಿದಳು. "ನಾ ಕೂಗಲಿಲ್ಲಂದ್ರ ಬದನಿಕಾಯಿ ತಾವ ಕೂಗ್ತಾವೇನ? ನಾಯಿಗೆ ನಿದ್ದಿ ಬರಲೆಂತ ನಾ ಹೊಟ್ಟಿಗೆ ತಣ್ಣೀರ ಬಟ್ಟಿ ಕಟ್ಟಿಕೊಳ್ಳಲೇನ?"

ಆಕೆ ಬೈದು ಮುಗಿಸುವ ತನಕ ಮರಿ ಸುಮ್ಮನಿತ್ತು. ಅದು ಆಗ ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಕೆಂಪು ಕಣ್ಣಿನ ಕಾಕಾ ಲಾರಿಯಿಂದ ಇಳಿದು ಬಂದ. ಅಳು ಕೇಳಿದ್ದೇ ಬಾಯಿ ತೆರೆದ. ಕಾಕು ತುಟಿಯ ಮೇಲೆ ಬೆರಳಿಟ್ಟು "ಶ್ಶ್" ಎಂದಳು. ಹೀಗಾಗಿ ಅವನು ತನ್ನ ಸಿಟ್ಟನ್ನೆಲ್ಲ ಪಿಸುಮಾತಿನಲ್ಲಿಯೇ ಮಾಡಬೇಕಾಯಿತು. ಕುಕ್ಕರಿನ ಸೀಟಿ ಕಿತ್ತಿಟ್ಟಾಗ ಹಬೆ ಬರುತ್ತದಲ್ಲ, ಹಾಗೆ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದ.

"ಸಾಗರ, ಕೇಳಿಲ್ಲಿ. ಇವತ್ತ ಮಧ್ಯಾಹ್ನದ ಬಸ್ಸಿಗೆ ಇದನ್ನ ಒಯ್ದು ಮೀರಾಸಾಬ್ರಿಗೆ ಒಪ್ಪಿಸಿ ಬಾ. ನಿದ್ದಿ ಇಲ್ಲದ ನಾ ಸ್ಟೇರಿಂಗ್ ಮ್ಯಾಲ ಮಕ್ಕೊಂಡ್ರ ಲಾರಿ ಕೆಳಗ ಹೋಗತೈತಿ, ನಾ ಮ್ಯಾಲ ಹೋಗತೇನಿ."

"ಕಾಕಾ, ಹೊಂದಿಕೊಳ್ಳಾಕ ಸ್ವಲ್ಪ ಟೈಮ್ ಕೊಡು. ಅದೂ ಒಂದು ಜೀವ."

"ನಿನಗೇನ ಗೊತ್ತೋ? ನೀ ಓದೂ ಬಿ.ಎ. ಅಂದ್ರ ಬರೇ ಆಟ!"

ಶ್ಲೇಷೆ ನನ್ನ ಸ್ವಂತ ಆಸ್ತಿ. ಅದನ್ನೂ ಕಸಿದುಕೊಂಡನಲ್ಲ ಎಂದು ಸಿಟ್ಟು ಇನ್ನಷ್ಟು ಏರಿತು.

ಕಾಕು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನೋಡಿದರೆ ರೊಟ್ಟಿಗೂ ತಪ್ಪು ಹೊರಿಸಿದಂತಿತ್ತು. "ಮರಿ ಹೋತಂದ್ರ ನಾನೂ ದುರ್ಗಾನ ಮನಿಗೆ ಹೋಗತೇನಿ" ಎಂದಳು ತಗ್ಗಿದ ದನಿಯಲ್ಲಿ. "ಇಲ್ಲಿ ಯಾರ ಜೋಡಿ ಮಾತಾಡ್ಲಿ? ಈ ಗೋಡಿ ಜೋಡಿ?"

"ಕಾಕಾಗ ಹೇಳು."

"ಹೇಳತೇನಿ. ಅವರು ಎಚ್ಚರ ಇರಬೇಕಲ್ಲ."

ಕಾಕಾ ಕಿವಿಗೆ ಹತ್ತಿ ತುರುಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಆಗಲೇ ಒರಗಿದ್ದ. ಮಧ್ಯಾಹ್ನವಾಗುತ್ತ ಬಂದಿತ್ತು, ಬಸ್ಸಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಅಳುವ ಮರಿಯನ್ನೂ ಆ ಕೈಚೀಲವನ್ನೂ ಎತ್ತಿಕೊಂಡು ಹೊರಬಿದ್ದವನಿಗೆ ಮೇವಿನ ಬಣವೆ ಕಂಡಿತು. ಬಣವೆ ಕಂಡದ್ದೇ ಬುದ್ಧಿ ಓಡಿತು.

ಮೀರಾಸಾಬರು ಮೊದಲು ಡ್ರೈವರ್ ಇದ್ದವರು. ಕಾಕಾನಿಗೆ ಸ್ಟೇರಿಂಗ್ ಹಿಡಿಸಿದ ಉಸ್ತಾದರು. ಈಗ ದಿನವಿಡೀ ಗಿರಣಿಯ ಸಪ್ಪಳದ ಮೇಲೆ ತಮ್ಮ ದನಿ ಹಾಯಿಸಬೇಕಾಗಿ, "ಚಹಾ ಕುಡೀರಿ" ಎಂಬುದನ್ನೂ ಬೈದಂತೆಯೇ ಹೇಳುತ್ತಾರೆ. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಥೇಟ್ ಅವರದೇ ದನಿ ತೆಗೆದು ಬಹುಮಾನ ಹೊಡೆದವನು ನಾನು. ಬಣವೆಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು, ಮರಿಯನ್ನು ಕೆಳಗೆ ಬಿಟ್ಟು, ಗಂಟಲಲ್ಲಿ ಉಸುಕು ತುಂಬಿಕೊಂಡವನಂತೆ ಕೂಗಿದೆ:

"ಏ ವಿರೂಪಾಕ್ಷೀ! ಹಗಲೊತ್ತಿನ್ಯಾಗ ಬಿದ್ಕೊಂಡೀಯಲ್ಲೋ ಜ್ವಾಳದ ಚೀಲದಂಗ! ನಾ ಕೊಟ್ಟ ಮರಿ ಅಳಾಕತ್ತೈತಿ. ಕಿವಿಗೂ ಗ್ರೀಸ್ ಹಚ್ಚಿಕೊಂಡೀಯೇನೋ?"

ಕಾಕಾ ಹತ್ತಿಯ ಸಮೇತ ಎದ್ದು ನಿಂತ. ಜಾರುತ್ತಿದ್ದ ಲುಂಗಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಬಣವೆಗೆ ನಮಸ್ಕಾರ ಹೊಡೆದ. "ಬರ್ರಿ ಉಸ್ತಾದ್ರ, ಬರ್ರಿ! ಏ ಇಕಿನ, ಚಹಾ ಇಡು! ಮರಿ ಅರಾಮ ಐತ್ರಿ, ನಾನ ಈಗ ಹಾಲ ಕುಡಿಸಿ ಬಂದ್ನಿ!"

ಇಷ್ಟು ಹಸೀ ಸುಳ್ಳು! ನಾನು ಇನ್ನೊಂದು ಸುತ್ತು ಬೈಯಲು ಬಾಯಿ ತೆಗೆದೆ, ತೆಗೆದದ್ದು ಹಾಗೇ ಉಳಿಯಿತು. ಮರಿ ಅಳು ನಿಲ್ಲಿಸಿತ್ತು. ಬಾಲ ಅಲ್ಲಾಡಿಸುತ್ತ ಬಂದು ನನ್ನ ಪಾದದ ಮೇಲೆ ಗದ್ದ ಊರಿ ಕಣ್ಣು ಮುಚ್ಚಿತು.

ಉಸ್ತಾದರು ಯಾಕೆ ಹೊರಗೆ ಬರಲೊಲ್ಲರು ಎಂದು ಕಾಕಾ ಬಣವೆ ಸುತ್ತಿ ಬಂದ. ನನ್ನನ್ನು ನೋಡಿದ. ಕೈಗೆ ಸಿಕ್ಕ ಬಡಿಗೆ ಎತ್ತಿದ.

"ಉಸ್ತಾದ್ರ ದನಿ ತಗದು ನನ್ನ ಎಬ್ಬಸ್ತೀ ಏನೋ ಭಾಡ್ಯಾ! ನಿನ್ನ ಗಂಟ್ಲಾನ ಬಿಚ್ಚಿ ಇಡತೇನಿ!"

"ಹಗೂರಕ, ಮರಿ ಅಂಜತೈತಿ!" ಎಂದು ಕಾಕು ಓಡಿಬಂದಳು. ಕಾಕಾ ಬಾಯಿ ಮುಚ್ಚಿದ. ಮರಿ ಬಾಯಿ ತೆರೆಯಿತು, ಕುಂಯ್ಯೋ ಎಂದಿತು.

"ಸುಮ್ಮನಾಗಲೇ!" ಎಂದು ಕಾಕಾ ಗದರಿದ. ಸುಮ್ಮನಾಯಿತು.

ಮೂವರೂ ಮುಖ ಮುಖ ನೋಡಿಕೊಂಡೆವು. ಕಾಕು ಹಣೆ ಬಡಿದುಕೊಂಡಳು. "ಗಿರಣ್ಯಾಗ ಹುಟ್ಟಿದ್ದೋ ಸಾಗರಾ! ಕಣ್ಣ ತಗಿಯೂಕಿಂತ ಮದಲ ಮೀರಾಸಾಬ್ರ ಬೈಗಳಾ ಕೇಳೇತಿ. ನಾವು ಮನೀನ ಸುಡಗಾಡ ಮಾಡಿ ಇಟ್ವಿ. ಅಂಜದ ಏನ ಮಾಡೀತು!"

"ಹಂಗಾರ ಬೈತೇನಿ" ಎಂದು ಕಾಕಾ ಶುರುಮಾಡಿದ. ಮೊದಲು ನನ್ನನ್ನು, ಆಮೇಲೆ ಪಾಳಿ ಮುರಿಯುವ ಟ್ರ್ಯಾಕ್ಟರಿನವರನ್ನು, ರಸ್ತೆಯ ತಗ್ಗುಗಳನ್ನು, ಕಿವಿಯಿಂದ ಹೊರಬರಲೊಲ್ಲದ ಹತ್ತಿಯನ್ನು. ಮರಿ ಹೊಟ್ಟೆ ಮೇಲೆ ಮಾಡಿ ಮಲಗಿತು. ಆದರೆ ಕಾಕಾನ ಸರಕು ಬೇಗ ಮುಗಿಯಿತು. ಮರಿ ಮಿಸುಕಾಡಿತು. ಅಷ್ಟರಲ್ಲಿ ಊರ ಅಗಸಿಬಾಗಿಲ ಹತ್ತಿರ ಬಸ್ಸಿನ ಹಾರ್ನ್ ಕೇಳಿಸಿತು.

"ಇದು ಆಗೂ ಹೋಗೂ ಮಾತಲ್ಲ" ಎಂದ ಕಾಕಾ. "ರಾತ್ರಿ ನಾ ಇರಂಗಿಲ್ಲ, ಇದಕ್ಕ ಬೈಯ್ಯಾವ್ರು ಯಾರು? ಚೀಲದಾಗ ಹಾಕು, ನಡಿ."

"ಯಾಕ್ರಿ?" ಎಂದಳು ಕಾಕು. "ನನಗ ಬಾಯಿ ಇಲ್ಲೇನ್ರಿ?"

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದೊಂದು ಬೈಗುಳಕ್ಕೂ 'ರಿ' ಹಚ್ಚಿ, ಮರ್ಯಾದೆಯಿಂದಲೇ ಮರ್ಯಾದೆ ತೆಗೆದಳು.

"ಹಂಗಾಮ ಶುರು ಆದಾಗಿಂದ ನಿಮ್ಮ ಬೆನ್ನ ನೋಡೇನಿ ಹೊರತು ಮಾರಿ ನೋಡಿಲ್ರಿ! ಪಲ್ಯಾಕ ಬೇಕಂತ ಉಪ್ಪ ಹಾಕಲಿಲ್ಲ, ಒಂದ ಮಾತರ ಆಡತೀರೇನಂತ. ಅದನ್ನೂ ನುಂಗಿ ಮಕ್ಕೊಂಡ್ರಲ್ರಿ! ಲಾರಿಗೆ ಕುಂಕುಮ ಹಚ್ಚತೀರಿ, ಟಾಯರ್ ತಟ್ಟಿ ಮಾತಾಡಸ್ತೀರಿ. ನನಗ ಗಾಲಿ ಇಲ್ಲಂತ ಬಿಟ್ರೇನ್ರಿ? ದುರ್ಗಾ ಬಸರಾದ ಸುದ್ದಿ ಹೇಳಾಕ ನಿಮ್ಮ ತಲಿದಿಂಬಿನ ಹತ್ರ ಕುಂತು ಕುಂತು ಎದ್ದು ಹೋಗೇನ್ರಿ ನಾ!"

ಕಾಕಾನ ಕೈಯಿಂದ ಬಡಿಗೆ ಬಿತ್ತು. "ಏನಂದಿ? ದುರ್ಗಾ…"

"ಬೈಯುಮುಂದ ನಡಕ ಬಾಯಿ ಹಾಕಬ್ಯಾಡ್ರಿ!"

ಸಾಲಹಳ್ಳಿಯ ಬಸ್ಸು ಇನ್ನೊಮ್ಮೆ ಹಾರ್ನ್ ಹೊಡೆದು ರಾಮದುರ್ಗದ ಕಡೆ ಹೋಯಿತು. ಯಾರೂ ಕದಲಲಿಲ್ಲ. ಕಾಕಾ ಮೆಲ್ಲಗೆ ನೆಲಕ್ಕೆ ಕುಳಿತು, ಕೈಚೀಲವನ್ನು ಮಡಿಚಿ ತೊಡೆಯ ಕೆಳಗೆ ಹಾಕಿಕೊಂಡ. ಕಿವಿಯ ಹತ್ತಿಯನ್ನು ಹೆಕ್ಕಿ ಹೆಕ್ಕಿ ತೆಗೆದು ಎಸೆದ.

"ಹೂಂ, ಮುಂದ ಬೈ" ಎಂದ. "ಎಲ್ಲಾ ಬೈ. ಇವತ್ತ ಲಾರಿ ತಡಾ ಆದ್ರ ಆಗಲಿ."

ಕಾಕು ಅಳುವೋ ನಗುವೋ ತಿಳಿಯದೆ, ಬೈಯುವುದನ್ನು ಬಿಟ್ಟು ಅಂಗೈಯಿಂದ ಕಣ್ಣೊರೆಸಿಕೊಂಡಳು. ಹಿಟ್ಟ್ಯಾ ಒಂದು ಕಣ್ಣು ತೆರೆದು, ಮಾತು ಯಾಕೆ ನಿಂತಿತು ಎಂಬಂತೆ ಕಾಕುವನ್ನು ನೋಡಿ, ಕುಂಯ್ ಎಂದಿತು.

ನಾನು ಕೂಡಲೇ ಮೀರಾಸಾಬರ ದನಿ ತೆಗೆದೆ: "ಏ ಯಶೋಧವ್ವಾ! ಗಿರಣಿ ಯಾಕ ನಿಂದರಿಸಿದಿ? ಹಾಕು ಇನ್ನೊಂದು ಹಿಡಿ ಕಾಳ! ಈ ಅಜ್ಜನ ಬೀಸೂದು ಇನ್ನೂ ಬಾಕಿ ಐತಿ!"

ಮೊದಲು ಕಾಕು ನಕ್ಕಳು, ಆಮೇಲೆ ನಾನು. "ಅಜ್ಜಾ! ನಾ ಅಜ್ಜಾ!" ಎಂದು ಕಾಕಾ ತೊಡೆ ಬಡಿದುಕೊಂಡು, ಲುಂಗಿಯ ಖಬರಿಲ್ಲದೆ, ಹಿಂದಕ್ಕೆ ಬಣವೆಗೆ ಒರಗಿ ನಕ್ಕ. ಆ ನಗುವಿಗೆ ಎಮ್ಮೆ ಹಗ್ಗ ಜಗ್ಗಿತು, ತಂಗೆವ್ವ ಓಣಿಯ ಆ ತುದಿಯಿಂದ ಇಣುಕಿದಳು. ಹಿಟ್ಟ್ಯಾ ಮಾತ್ರ ಮಗ್ಗಲು ಬದಲಿಸಿ, ಅವನ ತೊಡೆಗೆ ಬೆನ್ನು ಹಚ್ಚಿ ಮಲಗಿತು.