ಎರಡು ಸೌಟಿನ ದಸ್ತಗೀರ

ಚಹಾ ಕುಡಿಯಲು ಹೊರಟರೂ ಮದುವೆ ಅಡುಗೆಯ ದಸ್ತಗೀರನ ಹೆಗಲ ಮೇಲೆ ಉದ್ದ ಹಿಡಿಕೆಯ ಎರಡು ಸೌಟುಗಳು ಇರಲೇಬೇಕು: ಬಲಕ್ಕೆ ಕೆಂಪು ಅರಿವೆ ಸುತ್ತಿದ್ದು ಮಾಂಸದ ರಸ್ಸಾದ್ದು, ಎಡಕ್ಕೆ ಬಿಳಿ ಅರಿವೆಯದು ಬೇಳೆಯ ಸಾರಿನದು. ಯಾರಾದರೂ ಅದಲುಬದಲು ಮಾಡಿಯಾರೆಂಬ ಭಯ ಮೂವತ್ತು ವರ್ಷಗಳಿಂದ ಅವನನ್ನು ಬಿಟ್ಟಿಲ್ಲ. "ಇಂವ ಅಡಗಿಯಂವನೊ, ಚೌಕೀದಾರನೊ?" ಎಂದು ಜನ ನಗುತ್ತಾರೆ. ತುಂಬಿದ ಕೊಡ ಹೊತ್ತವನ ನಡಿಗೆ, ಪ್ರತಿ ಮಾತಿನ ಕೊನೆಗೆ ತನ್ನನ್ನೇ ಕೇಳಿಕೊಳ್ಳುವ "ಹೌದಲ್ಲ?"

ಸಾರಿನ ವಿಷಯದಲ್ಲಿ ಅವನದೇ ಒಂದು ಶಾಸ್ತ್ರ. ರೊಟ್ಟಿ ಎಲ್ಲರ ಮನೆಯದೂ ಒಂದೇ, ಮನೆಯ ಗುಣ ತಿಳಿಯುವುದು ಅದನ್ನು ಅದ್ದುವ ಸಾರಿನಲ್ಲಿ ಎನ್ನುತ್ತಾನೆ. "ಮಾಂಸದ ತುಂಡಾದ್ರ ಆರಿಸಿ ತಗೀಬಹುದು. ರಸದಾಗ ಕೂಡಿದ್ದು ಆರಸಾಕ ಬರಂಗಿಲ್ಲ, ಹೌದಲ್ಲ?" ಜತ್ತದ ಸುತ್ತಿನ ಹಳ್ಳಿಗಳ, ಮಾಂಸ ಮುಟ್ಟದ ಶೈವ ಹಿರಿಯರು ಮುಸಲ್ಮಾನರ ಮದುವೆಗಳಲ್ಲಿ ನಿಶ್ಚಿಂತೆಯಿಂದ ಉಣ್ಣುವುದು ಆ ಬಿಳಿ ಅರಿವೆಯ ಮೇಲಿನ ವಿಶ್ವಾಸದಿಂದಲೇ.

ಹೋದ ಬೇಸಿಗೆ ಕುಣಿಕೋಣೂರಿನಲ್ಲಿ ಅಶಪಾಕನ ಮಗಳು ಅಲ್ಮಾಸಳ ಮದುವೆ. ಶೈವರ ಪಂಕ್ತಿ ಕುಳಿತಾಗಿತ್ತು. ಮೊದಲಿಗೇ ಸೊರಡಿಯ ಗೌಡರು ಅಮೋಘಸಿದ್ದಪ್ಪ. ಬಡಿಸಲೆಂದು ಬಂದ ದಸ್ತಗೀರ ತಟ್ಟನೆ ನಿಂತ. ಬೇಳೆಯ ಹಂಡೆಗೆ ಒರಗಿದ್ದ ಸೌಟಿಗೆ ಕೆಂಪು ಅರಿವೆ! ಬೀಗರನ್ನು ಅಪ್ಪಿಕೊಳ್ಳಲು ಎರಡೂ ಸೌಟು ಕೆಳಗಿಟ್ಟದ್ದು ನೆನಪಿತ್ತು. ಆಮೇಲೆ ಅವಸರದಲ್ಲಿ ಬೇಳೆಗೆ ಕೈಯಾಡಿಸಿದ್ದು ಯಾವುದರಿಂದ? ಎಷ್ಟು ತಡಕಾಡಿದರೂ ಹೊಳೆಯಲೊಲ್ಲದು.

"ಯಾರೂ ನೋಡಿಲ್ಲ ಚಾಚಾ," ಎಂದು ಆ ಕೆಂಪು ಅರಿವೆ ಕಂಡ ಅಶಪಾಕ ಕಿವಿಯಲ್ಲಿ ಉಸುರಿದ. "ಬಾಯಿ ಬಿಟ್ರ ಬಣ್ಣಗೇಡು, ಮಾನ ಹೋಗತದ. ಲಗೂನ ಬಡಸ್ರಿ."

ಹೇಳಿದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಹೇಳದಿದ್ದರೆ ಆ ಹೆಸರೇ ಸುಳ್ಳು. ದಸ್ತಗೀರ ಪಂಕ್ತಿಯ ಮುಂದೆ ನಿಂತ. "ಗೌಡ್ರ, ಸೌಟು ಅದಲಬದಲ ಆಗೇದೊ ಏನೊ, ನನಗ ನೆಪ್ಪಿಲ್ರಿ. ಈ ಸಾರು ನಿಮಗ ಬಡಸಂಗಿಲ್ಲ." ಹಿಂದಿರುಗಿದವನೇ ಹಂಡೆಯನ್ನು ಮಗುಚಿಬಿಟ್ಟ.

ಅಮೋಘಸಿದ್ದಪ್ಪ ತುಸು ಹೊತ್ತು ಒಣರೊಟ್ಟಿಯನ್ನೇ ನೋಡಿದರು. ಎದ್ದೇ ಹೋಗುತ್ತಾರೆಂದು ದಸ್ತಗೀರ ಕಣ್ಣು ಮುಚ್ಚಿದ.

"ರೊಟ್ಟಿಗಿ ಹಚಗೊಳ್ಳಾಕ ಶೇಂಗಾ ಹಿಂಡಿ ಇದ್ರ ಹಾಕಪಾ," ಎಂದರು ಅವರು. "ಹಸುವಾಗೇದ. ಸಾರು ಇನ್ನೊಮ್ಮಿ ಉಣ್ಣಾಕ ಬರತೀನಿ."

ದಸ್ತಗೀರ ಬಿಕ್ಕಿ ಬಿಕ್ಕಿ ಅತ್ತ. ಅವನ ಅಂಜಿಕೆ ಮಾತ್ರ ಅಂದಿನಿಂದ ಇಮ್ಮಡಿಯಾಗಿದೆ. ಹಂಡೆ ಬರಿದಾಗುವವರೆಗೆ ಈಗ ಯಾರನ್ನೂ ಅಪ್ಪಿಕೊಳ್ಳುವುದಿಲ್ಲ. ಇಂಥವರ ಬಾಳಿಗೆ ನೆಮ್ಮದಿ ಎಂಬುದು ಬರೆದಿಲ್ಲವೇನೋ. ನೂರು ಜನ ನಿಶ್ಚಿಂತೆಯಿಂದ ಕಲಸಿ ಉಣ್ಣಬೇಕಾದರೆ, ಒಲೆಯ ಬಳಿ ಒಬ್ಬನಾದರೂ ಅಂಜುತ್ತಲೇ ಇರಬೇಕು.